ಕ್ಯಾಸೆಟ್ಟಿನ ಮೇಲೆ ಇಲ್ಲದ ಹೆಸರು: ಪಾರ್ತಿಸುಬ್ಬನ ‘ಪಂಚವಟಿ’ಯ ಒಂದು ಪ್ರಕರಣ

ದೊಡ್ಡಪ್ಪ ತೀರಿಕೊಂಡು ಎರಡು ವರ್ಷ ಆದ ಮೇಲೆ ಬಾಯಾರಿನ ಮನೆಯ ಅಟ್ಟದಿಂದ ಒಂದು ಬಿಸ್ಕತ್ತಿನ ಡಬ್ಬಿ ಕೆಳಗಿಳಿಯಿತು. ಒಳಗೆ 11 ಕ್ಯಾಸೆಟ್ಟುಗಳಿದ್ದವು. ಏಳು ಅಂಗಡಿಯಲ್ಲಿ ಕೊಂಡವು. ಉಳಿದ ನಾಲ್ಕು ದೊಡ್ಡಪ್ಪ ತಾವೇ ರೆಕಾರ್ಡ್ ಮಾಡಿದವು. ಅವುಗಳ ಬೆನ್ನಿನ ಮೇಲೆ ನೀಲಿ ಶಾಯಿಯಲ್ಲಿ ‘ಪಂಚವಟಿ, ತಾಳಮದ್ದಳೆ, 1986’ ಅಂತ ಅವರದೇ ಅಕ್ಷರ. ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದೆ ಕೂತೇ ಹಾಡಿ ಮಾತಾಡುವ ಯಕ್ಷಗಾನ. ಪಕ್ಕದಲ್ಲಿ 1ರಿಂದ 4ರ ತನಕ ನಂಬರು. ನಾಲ್ಕೂ 90 ನಿಮಿಷದವು. ಒಟ್ಟು ಆರು ಗಂಟೆ, ಹೆಚ್ಚುಕಡಿಮೆ ಒಂದು ಇಡೀ ರಾತ್ರಿ.

ಇವನ್ನು ಕಂಪ್ಯೂಟರಿಗೆ ಇಳಿಸಿ ಮನೆಯವರಿಗೆಲ್ಲ ಕಳಿಸಬೇಕು ಅಂತ ನಾನು ಹೊರಟದ್ದು, ಅಷ್ಟೇ. ಫೈಲಿಗೆ ವಿವರ ತುಂಬುವಾಗ ಒಂದು ಕಡೆ ಕೈ ನಿಂತಿತು. ಹಾಡಿದವರು ಯಾರು ಅನ್ನುವ ಜಾಗ ತುಂಬಿತು. ಮದ್ದಳೆ, ಚೆಂಡೆ, ಪಾತ್ರದ ಮಾತು ಹೇಳುವ ಅರ್ಥಧಾರಿಗಳು, ಎಲ್ಲ ತುಂಬಿತು. ‘ರಚನೆ’ ಅನ್ನುವ ಜಾಗ ಮಾತ್ರ ಖಾಲಿ. ಅಂಗಡಿಯ ಕ್ಯಾಸೆಟ್ಟಿನ ಹೊದಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಹಾಡುವ ಭಾಗವತರ ಫೋಟೋ ಉಂಟು, ಬೆಲೆ ಉಂಟು, ನಕಲು ಮಾಡಬಾರದು ಅನ್ನುವ ಎಚ್ಚರಿಕೆ ಉಂಟು. ಪದ್ಯ ಕಟ್ಟಿದವನ ಹೆಸರು ಏಳರಲ್ಲಿ ಒಂದರ ಮೇಲೂ ಇಲ್ಲ.

ದೊಡ್ಡಮ್ಮನನ್ನು ಕೇಳಿದೆ. ಅಡಿಕೆ ಸುಲಿಯುತ್ತಾ ಇದ್ದವರು ತಲೆ ಎತ್ತಲಿಲ್ಲ. “ಪಂಚವಟಿ ಅಲ್ವಾ? ಪಾರ್ತಿಸುಬ್ಬಂದು.”

“ಅದು ಹೇಗೆ ಗೊತ್ತು ದೊಡ್ಡಮ್ಮಾ?”

“ಎಂತ ಕೇಳುವುದು ನೀನು! ಎಲ್ಲರಿಗೂ ಗೊತ್ತುಂಟಲ್ಲ.”

ಎಲ್ಲರಿಗೂ ಗೊತ್ತಿದೆ, ಎಲ್ಲಿಯೂ ಬರೆದಿಲ್ಲ. ಮುಂದಿನ ಐದು ತಿಂಗಳು ನಾನು ಮಾಡಿದ ಕೆಲಸ ಹುಟ್ಟಿದ್ದು ಇಲ್ಲಿಂದ.

ಯಾರು ಈ ಸುಬ್ಬ

ಪಾರ್ತಿಸುಬ್ಬ ಯಕ್ಷಗಾನದ ಕವಿ, ಕಾಸರಗೋಡು ಕಡೆಯ ನಮ್ಮ ಕುಂಬಳೆಯವನು. ತಾಯಿಯ ಹೆಸರು ಪಾರ್ವತಿ, ಆಡುಮಾತಿನಲ್ಲಿ ಅದು ಪಾರ್ತಿ ಆಯಿತು, ಪಾರ್ತಿಯ ಮಗ ಸುಬ್ಬ ಪಾರ್ತಿಸುಬ್ಬ ಆದ ಅನ್ನುವುದು ಊರಲ್ಲಿ ನಡೆದು ಬಂದ ಮಾತು. ಕುಂಬಳೆಯ ಕಣಿಪುರ ಗೋಪಾಲಕೃಷ್ಣ ದೇವಸ್ಥಾನ ಅವನ ದೈವಸನ್ನಿಧಿ. ಅಲ್ಲಿ ಕೃಷ್ಣನನ್ನು ಕಣ್ವ ಋಷಿ ಪ್ರತಿಷ್ಠೆ ಮಾಡಿದ ಅಂತ ಸ್ಥಳಪುರಾಣ. ಹಾಗಾಗಿ ಪದ್ಯಗಳಲ್ಲಿ ಊರಿನ ಹೆಸರು ಕಣ್ವಪುರ.

ಸೀತಾಸ್ವಯಂವರ, ಪಂಚವಟಿ, ವಾಲಿಸುಗ್ರೀವರ ಕಾಳಗ, ಉಂಗುರ ಸಂಧಿ, ಸೇತುಬಂಧನ, ಅಂಗದ ಸಂಧಾನ, ಕುಂಭಕರ್ಣ ಇಂದ್ರಜಿತು ಕಾಳಗ, ಕುಶಲವರ ಕಾಳಗ. ರಾಮಾಯಣದ ಈ ಪ್ರಸಂಗಗಳೆಲ್ಲ, ಅಂದರೆ ಯಕ್ಷಗಾನಕ್ಕೆ ಕಟ್ಟಿದ ಪದ್ಯಕಥೆಗಳೆಲ್ಲ, ಅವನ ಹೆಸರಿನಲ್ಲಿವೆ. ಕೃಷ್ಣಚರಿತೆಯೂ ಅವನದೇ ಅನ್ನುತ್ತಾರೆ. ತೆಂಕುತಿಟ್ಟಿನಲ್ಲಿ, ಅಂದರೆ ನಮ್ಮ ಕಡೆಯ ಯಕ್ಷಗಾನ ಶೈಲಿಯಲ್ಲಿ, ರಾಮಾಯಣ ಅಂದರೆ ಈ ಪದ್ಯಗಳೇ. ಸಿನಿಮಾ ಹಾಡು ಬರುವ ಮೊದಲು, ರೇಡಿಯೋ ಬರುವ ಮೊದಲು, ಓದು ಬಾರದ ಮನೆಗಳಲ್ಲೂ ಜನ ಗುನುಗುತ್ತಿದ್ದ ಹಾಡುಗಳು ಇವು. ನಮ್ಮ ಕಡೆಯ ಮೊದಲ ಜನಪ್ರಿಯ ಹಾಡುಕಟ್ಟುಗ ಯಾರು ಅಂತ ಕೇಳಿದರೆ ನಾನು ಬೇರೆ ಹೆಸರು ಹೇಳಲಾರೆ.

ಆದರೆ ಈ ಹೆಸರಿನ ಮೇಲೆ ದೊಡ್ಡ ಜಗಳವೇ ನಡೆದಿದೆ. ಮುಳಿಯ ತಿಮ್ಮಪ್ಪಯ್ಯನವರು ಪಾರ್ತಿಸುಬ್ಬನ ಮೇಲೆ ಪುಸ್ತಕವನ್ನೇ ಬರೆದು ಅವನನ್ನು ಕುಂಬಳೆಯಲ್ಲಿ ನಿಲ್ಲಿಸಿದರು. ಶಿವರಾಮ ಕಾರಂತರು ಒಪ್ಪಲಿಲ್ಲ. ಈ ರಾಮಾಯಣ ಪ್ರಸಂಗಗಳು ಅಜಪುರದ, ಅಂದರೆ ಬ್ರಹ್ಮಾವರದ, ಸುಬ್ಬನವು ಅಂತ ಅವರು ವಾದಿಸಿದರು. ಕುಕ್ಕಿಲ ಕೃಷ್ಣಭಟ್ಟರು ಪ್ರತಿಗಳನ್ನು ಹೋಲಿಸಿ ಪಾರ್ತಿಸುಬ್ಬನ ಯಕ್ಷಗಾನಗಳನ್ನು ಸಂಪಾದಿಸಿದರು. 1975ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅದನ್ನು ಪ್ರಕಟಿಸಿತು. ಮಲಯಾಳದ ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟಕ್ಕೂ ಈ ಪ್ರಸಂಗಗಳಿಗೂ ಇರುವ ಹೋಲಿಕೆಯ ಬಗ್ಗೆಯೂ ಚರ್ಚೆ ನಡೆದಿದೆ. ತಂಬುರಾನ್ ರಾಮನ ಕಥೆಯನ್ನು ಎಂಟು ದಿನದ ಆಟವಾಗಿ ಕಟ್ಟಿದವನು. ಪುತ್ರಕಾಮೇಷ್ಟಿ, ಸೀತಾಸ್ವಯಂವರ, ಸೇತುಬಂಧನ ಅನ್ನುವ ಹೆಸರುಗಳು ಅಲ್ಲೂ ಇವೆ, ಇಲ್ಲೂ ಇವೆ. ಕನ್ನಡ ಮಲಯಾಳಗಳ ಗಡಿಯಲ್ಲಿ ಕೂತವನಿಗೆ ಎರಡೂ ಕಡೆಯ ಹಾಡು ಕಿವಿಗೆ ಬೀಳುತ್ತದೆ. ನಮಗೆ ಇಂದಿಗೂ ಹಾಗೇ ಅಲ್ವಾ?

ಈ ಜಗಳ ತೀರಿಸುವ ಯೋಗ್ಯತೆ ನನಗಿಲ್ಲ, ಅದು ನನ್ನ ಕೆಲಸವೂ ಅಲ್ಲ. ನನ್ನ ಮುಂದಿದ್ದ ಪ್ರಶ್ನೆ ಸಣ್ಣದು. ಈ ನಾಲ್ಕು ಕ್ಯಾಸೆಟ್ಟಿನಲ್ಲಿ ಕೇಳುವ ಪದ್ಯಗಳಲ್ಲಿ ಯಾವುದು ಪಾರ್ತಿಸುಬ್ಬನ ಹೆಸರಿನ ಪ್ರಸಂಗದ್ದು, ಯಾವುದು ಅಲ್ಲ?

ಮೊದಲು ಕೇಳುವ ಹಾಗೆ ಮಾಡಬೇಕಿತ್ತು

ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಇಲ್ಲಿ ಕ್ಯಾಸೆಟ್ಟಿಗೆ ಬೂಸ್ಟು ಹಿಡಿಯದಿದ್ದರೆ ಆಶ್ಚರ್ಯ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕೂತಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಂಗಳದಲ್ಲಿ ಕೂತು, ಮೆತ್ತಗಿನ ಬ್ರಷ್ಷಿನಿಂದ ಒರೆಸಿದೆ. ಎರಡನೇ ಕ್ಯಾಸೆಟ್ಟಿನಲ್ಲಿ ಟೇಪನ್ನು ಸದ್ದು ಓದುವ ಹೆಡ್ಡಿಗೆ ಒತ್ತಿ ಹಿಡಿಯುವ ಸ್ಪಂಜಿನ ತುಂಡೇ ಉದುರಿಹೋಗಿತ್ತು. ಸ್ಕ್ರೂ ಇರುವ ಒಂದು ಖಾಲಿ ಕ್ಯಾಸೆಟ್ ತಂದು, ಬಿಚ್ಚಿ, ಒಳಗಿನ ಸುರುಳಿಯನ್ನು ಅದಕ್ಕೆ ದಾಟಿಸಿದೆ. ಟೇಪಿನ ಅಗಲ 4 ಮಿಲಿಮೀಟರೂ ಇಲ್ಲ, 90 ನಿಮಿಷದ್ದು ತೀರಾ ತೆಳು ಬೇರೆ. ಒಂದು ಸಾರಿ ಬೆರಳು ನಡುಗಿ ಮಡಿಕೆ ಬಿತ್ತು. ಆ ಮಡಿಕೆ ಈಗಲೂ ಫೈಲಿನಲ್ಲಿ ‘ಚಟ್’ ಅಂತ ಕೇಳುತ್ತದೆ. ನಾಲ್ಕನೇ ಕ್ಯಾಸೆಟ್ಟಿನ ಬಿ ಸೈಡಿನಲ್ಲಂತೂ ಕೊನೆಯ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎಳೆದರೆ ಹರಿಯುತ್ತದೆ. ಆ ತುದಿಯನ್ನು ಹಾಗೇ ಬಿಟ್ಟೆ.

ಪ್ಲೇಯರಿನ ಹೆಡ್ಡನ್ನು ಸರಿ ಮಾಡಲು ನನಗೆ ನೆರವಾದದ್ದು ಚಕ್ರತಾಳ ಅನ್ನುವ ಲೋಹದ ತಾಳ. ಹೆಡ್ಡು ಸ್ವಲ್ಪ ಓರೆ ಇದ್ದರೆ ತಾಳದ ಸದ್ದು ಬಟ್ಟೆ ಮುಚ್ಚಿದ ಹಾಗೆ ಮಂಕಾಗುತ್ತದೆ. ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆ. ಒಂದು ಹಂತದಲ್ಲಿ ‘ಝಣ್’ ಅಂತ ಹರಿತವಾಗಿ ಬಂತು. ಅದರ ಜೊತೆಗೇ ಭಾಗವತರ ಸ, ಶ, ಷ ಎಲ್ಲ ಬೇರೆ ಬೇರೆಯಾಗಿ ಬಿಡಿಸಿಕೊಂಡವು.

ಆಮೇಲೆ ಶ್ರುತಿ. ಆ ರಾತ್ರಿ ಹಾಡಿದ ಇಬ್ಬರಲ್ಲಿ ಒಬ್ಬರು ಈಗಲೂ ಪೆರ್ಲದ ಕಡೆ ಇದ್ದಾರೆ. ಮೊದಲ ಅರ್ಧ ಹಾಡಿದ್ದು ಅವರು, ಆಗಿನ್ನೂ ಹುಡುಗ. ಮೊದಲ ಕ್ಯಾಸೆಟ್ಟನ್ನು ಕೇಳಿಸಿದಾಗ ಅವರ ಮುಖ ಸಣ್ಣದಾಯಿತು. “ಇದು ನನ್ನ ಸ್ವರ ಅಲ್ಲ ಮಾರಾಯಾ. ನಾನು ಕಪ್ಪು ಎರಡರಲ್ಲಿ ಹಾಡುತ್ತಾ ಇದ್ದದ್ದು. ಇದು ಬಿಳಿ ಎರಡರಲ್ಲಿ ಉಂಟು.” ಹಾರ್ಮೋನಿಯಂ ತಂದು ಎರಡನೇ ಕಪ್ಪು ಮನೆ, ಎರಡನೇ ಬಿಳಿ ಮನೆ ಒತ್ತಿ ತೋರಿಸಿದರು. ಸರಿಯಾಗಿ ಅರ್ಧ ಸ್ವರ ಕೆಳಗೆ. ವೇಗ ನೂರಕ್ಕೆ ಆರರಷ್ಟು ಕಡಿಮೆಯಾದರೆ ಅರ್ಧ ಸ್ವರ ಇಳಿಯುತ್ತದೆ. ತಪ್ಪು ನನ್ನ ಪ್ಲೇಯರಿನ ಬೆಲ್ಟಿನದ್ದು, ಸಡಿಲವಾಗಿತ್ತು. ಬೆಲ್ಟ್ ಬದಲಾಯಿಸಿ ಮತ್ತೆ ಕೇಳಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಕೂತರು. ಪದ್ಯ ಮುಗಿಯುವ ತನಕ ಮಾತಾಡಲಿಲ್ಲ.

ಮೂರು ಮತ್ತು ನಾಲ್ಕನೇ ಕ್ಯಾಸೆಟ್ಟಿನ ಕಥೆ ತಿರುಗಾಮುರುಗಾ. ಬೆಳಗಿನ ಜಾವದ ಪದ್ಯಗಳು ಏರುತ್ತಾ ಏರುತ್ತಾ ಹೋಗುತ್ತವೆ. ಹಿರಿಯ ಭಾಗವತರ ಶ್ರುತಿಯೇ ಹಾಗೆ ಅಂದುಕೊಂಡಿದ್ದೆ. ಆದರೆ ರಾಮನ ಅರ್ಥ ಹೇಳುವವರ ಸ್ವರವೂ ಜೊತೆಗೇ ತೆಳ್ಳಗಾಗುತ್ತಿತ್ತು, ಮಾತು ಓಡುತ್ತಿತ್ತು. ಅರ್ಥಧಾರಿಗೆ ಎಂತ ಶ್ರುತಿ! ದೊಡ್ಡಮ್ಮ ಹೇಳಿದ ಮೇಲೆ ಗೊತ್ತಾಯಿತು: ಆಗ ಅಲ್ಲಿ ಕರೆಂಟ್ ಇರಲಿಲ್ಲ, ದೊಡ್ಡಪ್ಪ ರೆಕಾರ್ಡರಿಗೆ ಸೆಲ್ ಹಾಕಿಕೊಂಡು ಹೋಗುತ್ತಿದ್ದರು. ರಾತ್ರಿ ಕಳೆದ ಹಾಗೆ ಸೆಲ್ ಇಳಿಯಿತು, ಟೇಪು ನಿಧಾನಕ್ಕೆ ಸುತ್ತಿತು. ನಿಧಾನಕ್ಕೆ ಸುತ್ತಿ ಹಿಡಿದದ್ದನ್ನು ಸರಿ ವೇಗದಲ್ಲಿ ಕೇಳಿದರೆ ಸ್ವರ ಏರುತ್ತದೆ. ಹಿರಿಯರದ್ದೂ ಕಪ್ಪು ಎರಡೇ ಅಂತ ಪೆರ್ಲದವರು ಹೇಳಿದ್ದರಿಂದ, ಹತ್ತು ಹತ್ತು ನಿಮಿಷದ ತುಂಡು ಮಾಡಿ ವೇಗ ಇಳಿಸುತ್ತಾ ಬಂದೆ. ಅಷ್ಟಾದ ಮೇಲೆ ಕಲಸಿಹೋಗಿದ್ದ ಮಾತುಗಳು ಕಿವಿಗೆ ಸಿಕ್ಕಿದವು. ಆಮೇಲೆಯೇ ಪುಸ್ತಕ ತೆರೆದದ್ದು.

ಅಂಕಿತ ಎಲ್ಲಿರುತ್ತದೆ

ದಾಸರ ಹಾಡಾದರೆ ಕೆಲಸ ಸುಲಭ. ಕೊನೆಯ ಚರಣದಲ್ಲಿ ‘ಪುರಂದರವಿಠಲ’ ಬಂದರೆ ಹಾಡು ಯಾರ ಹೆಸರಿನದು ಅಂತ ತಿಳಿಯಿತು. ಪ್ರತಿ ಹಾಡಿಗೂ ಅದರದೇ ಸಹಿ. ಯಕ್ಷಗಾನದಲ್ಲಿ ಹಾಗಿಲ್ಲ. ಒಂದು ಪ್ರಸಂಗದಲ್ಲಿ ನೂರಾರು ಪದ್ಯ. ಒಂದೊಂದಕ್ಕೂ ಅಂಕಿತ ಹಾಕಿದರೆ ರಾಮ ಲಕ್ಷ್ಮಣರ ಮಾತಿನ ನಡುವೆ ಕವಿ ಬಂದು ನಿಂತ ಹಾಗಾಗುತ್ತದೆ. ಹಾಗಾಗಿ ಕವಿ ತನ್ನ ಊರ ದೇವರನ್ನು ನೆನೆಯುವುದು ಶುರುವಿನ ಸ್ತುತಿಯಲ್ಲಿ, ಮತ್ತೆ ಕೊನೆಯಲ್ಲಿ. ಗುರುತು ಇರುವುದು ಅಂಚಿನಲ್ಲಿ.

ಆಟಕ್ಕಾಗಲಿ ತಾಳಮದ್ದಳೆಗಾಗಲಿ ಮೊದಲು ಕತ್ತರಿ ಬೀಳುವುದೂ ಅಂಚಿಗೇ. ಭಾಗವತರು ಗಣಪತಿಯನ್ನು ಸ್ತುತಿಸಿ ನೇರ ಕಥೆಗೆ ಇಳಿಯುತ್ತಾರೆ. ಕವಿಯ ಪೀಠಿಕೆ ಪುಸ್ತಕದಲ್ಲೇ ಉಳಿಯುತ್ತದೆ. ಕೊನೆಗೆ ಬೆಳಕು ಹರಿದಿರುತ್ತದೆ, ಜನ ಎದ್ದಿರುತ್ತಾರೆ, ಮಂಗಳ ಹಾಡಿ ಮುಗಿಸುತ್ತಾರೆ. ಅಂಗಡಿಯ ಕ್ಯಾಸೆಟ್ಟಿನಲ್ಲಿ ಕತ್ತರಿ ಇನ್ನೂ ಜೋರು. ಡಬ್ಬಿಯಲ್ಲಿದ್ದ ಅಂಗಡಿಯ ‘ಪಂಚವಟಿ’ 60 ನಿಮಿಷದ ಎರಡು ಕ್ಯಾಸೆಟ್ಟಿನಲ್ಲಿ ಮುಗಿಯುತ್ತದೆ. ದೊಡ್ಡಪ್ಪನ ಆರು ಗಂಟೆ ಇಲ್ಲಿ ಎರಡು ಗಂಟೆ. ಸೈಡಿಗೆ 30 ನಿಮಿಷ ಅಂತ ಲೆಕ್ಕ ಹಾಕಿ ಚರಣಗಳನ್ನು ಬಿಟ್ಟಿದ್ದಾರೆ. ಸ್ತುತಿ ಇಲ್ಲ, ಮಂಗಳ ಇಲ್ಲ. ಹಾಡಿನೊಳಗೆ ಕವಿಯ ಸಹಿ ಹೋಯಿತು, ಹೊದಿಕೆಯ ಮೇಲೆ ಹೆಸರು ಬರಲೇ ಇಲ್ಲ. ನನಗೆ ನಿಜವಾಗಿ ಬೇಸರವಾದದ್ದು ಇಲ್ಲಿ. ಕರ್ನಾಟಕ ಯಕ್ಷಗಾನ ಅಕಾಡೆಮಿ ಕೊಡುವ ಪ್ರಶಸ್ತಿಗೆ ಪಾರ್ತಿಸುಬ್ಬನ ಹೆಸರಿದೆ. ಅವನ ಪದ್ಯ ಮಾರುವ ಕ್ಯಾಸೆಟ್ಟಿನ ಮೇಲೆ ಒಂದು ಸಾಲಿನ ಜಾಗ ಸಿಗಲಿಲ್ಲ.

ಗ್ರಾಮಫೋನಿನ ಕಾಲದ ಒಂದು ಸಂಗತಿ ನೆನಪಾಗುತ್ತದೆ. 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಹಾಡಿದ ತಟ್ಟೆಗಳಲ್ಲಿ ಹಾಡಿನ ಕೊನೆಗೆ ಅವರ ದನಿ ಕೇಳುತ್ತದೆ: ‘ಮೈ ನೇಮ್ ಈಸ್ ಗೌಹರ್ ಜಾನ್’. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸದವರಿಗೆ ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕು ಅಂತ ತಿಳಿಯಬೇಕಲ್ಲ, ಅದಕ್ಕೆ. ಹಾಡಿದವರು ಕೊನೆಗೆ ತಮ್ಮ ಹೆಸರು ಹೇಳಿದ್ದರಿಂದ ಅದು ಉಳಿಯಿತು.

ದೊಡ್ಡಪ್ಪನ ಮೊದಲ ಕ್ಯಾಸೆಟ್ಟಿನಲ್ಲಿ ಕಥೆಗೆ ಮೊದಲು ಒಂದು ಸ್ತುತಿ ಉಂಟು, ಅದರಲ್ಲಿ ಕಣ್ವಪುರದ ಕೃಷ್ಣ ಬರುತ್ತಾನೆ. ಮೊದಲ ಸಲ ಕೇಳಿದಾಗ ಎದ್ದು ನಿಂತಿದ್ದೆ, ಸಾಕ್ಷಿ ಸಿಕ್ಕಿತು ಅಂತ. ಆಮೇಲೆ ಯೋಚಿಸಿದೆ. ಕುಂಬಳೆ ಸೀಮೆಯಲ್ಲಿ ಹಾಡುವ ಭಾಗವತರು ಯಾವ ಪ್ರಸಂಗ ಇದ್ದರೂ ಕಣಿಪುರದ ದೇವರನ್ನು ನೆನೆಯಬಹುದಲ್ಲ? ಪೆರ್ಲದವರನ್ನು ಕೇಳಿದರೆ, “ಹೌದು, ನಾವು ಎಲ್ಲದಕ್ಕೂ ಹೇಳುತ್ತಾ ಇದ್ದೆವು” ಅಂದರು. ಸಾಕ್ಷಿ ಅಂದುಕೊಂಡದ್ದು ಭಕ್ತಿ ಮಾತ್ರ ಆಯಿತು. ಟೇಪಿನಲ್ಲಿ ಕೇಳಿದ್ದು ಹಾಡಿದವರ ಮಾತು. ಕವಿಯ ಮಾತಿಗೆ ಪುಸ್ತಕಕ್ಕೇ ಹೋಗಬೇಕು.

ಪದ್ಯದಿಂದ ಪದ್ಯಕ್ಕೆ

ಒಂದು ಕಡೆ ಕುಕ್ಕಿಲರ ಸಂಪಾದನೆ, ಇನ್ನೊಂದು ಕಡೆ ದೊಡ್ಡಪ್ಪನ ಹರಕು ಪ್ರಸಂಗ ಪುಸ್ತಕ. ಕಿವಿಯಲ್ಲಿ ಟೇಪು. ದಿನಕ್ಕೆ ಅರ್ಧ ಗಂಟೆಯಷ್ಟು ಟೇಪು ಮುಗಿದರೆ ದೊಡ್ಡದು. ಭಾಮಿನಿ, ವಾರ್ಧಕ, ಕಂದ ಅನ್ನುವ ಛಂದಸ್ಸಿನ ಪದ್ಯಗಳು ಬೇಗ ಸಿಗುತ್ತವೆ, ಅವುಗಳ ಕಟ್ಟು ಗಟ್ಟಿ, ಹಾಡುವವರು ಜಾಸ್ತಿ ಬದಲಾಯಿಸಲು ಆಗುವುದಿಲ್ಲ. ರಾಗ ತಾಳದ ಪದ್ಯಗಳಲ್ಲಿ ಕಷ್ಟ. ಎರಡು ಚರಣ ಬಿಟ್ಟು ಮೂರನೆಯದಕ್ಕೆ ಹಾರಿರುತ್ತಾರೆ. ಒಂದು ಪದ ಬೇರೆ ಆಗಿರುತ್ತದೆ.

ಸುಬ್ಬನ ಕೈ ಎಂಥದ್ದು ಅಂತ ನನಗೆ ಹಿಡಿತ ಸಿಕ್ಕಿದ್ದು ಎಲ್ಲರಿಗೂ ಬಾಯಿಪಾಠ ಇರುವ ಒಂದು ಸಾಲಿನಿಂದ:

ನೋಡಿ ನಿರ್ಮಲ ಜಲ ಸಮೀಪದಿ
ಮಾಡಿಕೊಂಡರು ಪರ್ಣಶಾಲೆಯ

ಬೆರಳು ಮಡಚಿ ಎಣಿಸಿ ನೋಡಿ. ನೋಡಿ, ಮೂರು ಮಾತ್ರೆ. ನಿರ್ಮಲ, ನಾಲ್ಕು. ಜಲಸ, ಮೂರು. ಮೀಪದಿ, ನಾಲ್ಕು. ಎರಡನೇ ಸಾಲೂ ಹಾಗೇ. ಮಾಡಿ, ಮೂರು. ಕೊಂಡರು, ನಾಲ್ಕು. ಪರ್ಣ, ಮೂರು. ಶಾಲೆಯ, ನಾಲ್ಕು. ಮೂರು ನಾಲ್ಕು, ಮೂರು ನಾಲ್ಕು. ಇದು ಭಾಮಿನಿ ಷಟ್ಪದಿಯ ನಡೆ. ಕುಮಾರವಾಲ್ಮೀಕಿಯ ತೊರವೆ ರಾಮಾಯಣ ಇಡೀ ಅದೇ ಷಟ್ಪದಿಯಲ್ಲಿದೆ. ಸುಬ್ಬ ಆ ರಾಮಾಯಣವನ್ನು ಚೆನ್ನಾಗಿ ಅರಗಿಸಿಕೊಂಡಿದ್ದ ಅಂತ ವಿದ್ವಾಂಸರು ಹೇಳುವುದು ಸುಮ್ನೆ ಅಲ್ಲ. ನೋಡಿ, ಮಾಡಿ ಅಂತ ಎರಡನೇ ಅಕ್ಷರದ ಪ್ರಾಸ ಬೇರೆ. ಅದೂ ಎಷ್ಟು ಸಲೀಸು! ನೀರು ಕಂಡರು, ಗುಡಿಸಲು ಕಟ್ಟಿದರು, ಅಷ್ಟೇ ಮಾತು. ಕಾಡಿಗೆ ಬಂದವರು ಮಾಡುವ ಮೊದಲ ಕೆಲಸವೇ ಅದು. ಒಂದು ಪದವೂ ತೋರಿಕೆಗೆ ಬಂದದ್ದಲ್ಲ.

ಹಾಗಾಗಿ ಪ್ರಾಸ ತಪ್ಪಿದ ಪದ್ಯ ಕೇಳಿದಾಗೆಲ್ಲ ಪೆನ್ಸಿಲಿನಿಂದ ಗುರುತು ಹಾಕುತ್ತಾ ಹೋದೆ. ಅದೊಂದೇ ಆಧಾರ ಅಂತ ಅಲ್ಲ, ಎಲ್ಲಿ ಅನುಮಾನಪಡಬೇಕು ಅನ್ನುವುದಕ್ಕೆ ದಾರಿ. ದೊಡ್ಡಪ್ಪನ ಟೇಪಿನಲ್ಲಿ ಕೊನೆಗೆ ಮೂರು ಪದ್ಯ ಪುಸ್ತಕದಲ್ಲಿ ಎಲ್ಲಿಯೂ ಸಿಗದೆ ಉಳಿದವು.

ಒಂದು, ರಾಮ ಋಷಿಗಳ ಆಶ್ರಮಕ್ಕೆ ಬರುವಲ್ಲಿಯ ಭಾಮಿನಿ. ಪ್ರಾಸ ಗಟ್ಟಿ, ಮಾತ್ರೆ ಗಟ್ಟಿ, ಆದರೂ ಪ್ರಸಂಗದಲ್ಲಿ ಇಲ್ಲ. ಅದು ನೇರ ತೊರವೆ ರಾಮಾಯಣದ ಅರಣ್ಯಕಾಂಡದ್ದು. ಭಾಗವತರು ಮೂಲದಿಂದಲೇ ತಂದು ಸೇರಿಸಿದ್ದರು. ಎರಡನೆಯದು ಶೂರ್ಪನಖಿಯ ಪ್ರವೇಶದ್ದು. ಇದನ್ನು ಕೇಳಿಸಿದಾಗ ಪೆರ್ಲದವರು ನಕ್ಕರು. “ಇದು ಪ್ರಸಂಗದ್ದಲ್ಲ. ನಮ್ಮ ಗುರುಗಳು ಹಾಕಿದ್ದು. ಅರ್ಥಧಾರಿಗೆ ಉಸಿರು ತೆಗೆಯಲು ಸ್ವಲ್ಪ ಹೊತ್ತು ಬೇಕು ಅಂತ.” ಗುರುಗಳ ಹೆಸರು ಹೇಳಿದರು, ಕೈ ಮುಗಿದರು. ಅದು ಪ್ರಿಂಟ್ ಆಗಿಲ್ಲ, ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಹತ್ತಾರು ವರ್ಷ ಜನ ಅದನ್ನು ಪಾರ್ತಿಸುಬ್ಬನದು ಅಂತಲೇ ಕೇಳಿರಬೇಕು. ಮೂರನೆಯದು ಸೀತೆ ಜಿಂಕೆ ಬೇಕು ಅನ್ನುವಲ್ಲಿ. ಅವರಿಗೂ ತಿಳಿಯಲಿಲ್ಲ. ಹಿರಿಯ ಭಾಗವತರು ಹಾಡಿದ್ದು, ಅವರು ಈಗ ಇಲ್ಲ.

ಅಂಗಡಿಯ ‘ಪಂಚವಟಿ’ಯಲ್ಲಿ ಇಂಥ ಸೇರಿಕೆಗಳು ಇನ್ನೂ ಜಾಸ್ತಿ. ಅದರ ಮೇಲೆ ನಾನು ಹೆಚ್ಚು ಹೊತ್ತು ಕೂರಲಿಲ್ಲ.

ಒಂದು ಮಾತು ಹೇಳಬೇಕು. ಸೇರಿಸಿದ್ದನ್ನು ನಾನು ತಪ್ಪು ಅನ್ನುವುದಿಲ್ಲ. ಯಕ್ಷಗಾನ ಉಳಿದದ್ದೇ ಹಾಡುವವರ ಬಾಯಲ್ಲಿ. ಸೇರಿಸಿದ ಗುರುಗಳ ಹೆಸರೂ ಬೇಕು, ಮೂಲ ಕಟ್ಟಿದವನ ಹೆಸರೂ ಬೇಕು ಅನ್ನುವುದು ನನ್ನ ಹಟ. ಹೆಸರು ಹೋದರೆ ಯಾರ ಪದ್ಯ ಯಾರ ತಲೆಗೆ ಕಟ್ಟಿದ್ದೇವೆ ಅಂತಲೇ ಗೊತ್ತಾಗುವುದಿಲ್ಲ. ಕಾರಂತರೂ ಮುಳಿಯದವರೂ ಅಷ್ಟು ವಾದ ಮಾಡಬೇಕಾಗಿ ಬಂದದ್ದು ಯಾಕೆ? ಓಲೆಗರಿಯಲ್ಲಿ ನಕಲು ಮಾಡಿದವರೂ ಎಷ್ಟೋ ಕಡೆ ಅಂಚಿನ ಪದ್ಯ ಬಿಟ್ಟಿರಬೇಕು ಅಂತ ನನಗೆ ಈಗ ಅನಿಸುತ್ತದೆ.

‘ರಚನೆ’ಯ ಜಾಗಕ್ಕೆ ಈಗ ಹೀಗೆ ಬರೆದಿದ್ದೇನೆ: ‘ಪಾರ್ತಿಸುಬ್ಬ, ಕುಂಬಳೆ, ಕುಕ್ಕಿಲರ 1975ರ ಸಂಪಾದನೆಯಂತೆ’. ಸುಮ್ಮನೆ ‘ಪಾರ್ತಿಸುಬ್ಬ’ ಅಂತ ಬಿಡಲು ಮನಸ್ಸಾಗಲಿಲ್ಲ. ಯಾವ ಪುಸ್ತಕ ನಂಬಿ ಬರೆದೆ ಅಂತ ಮುಂದೆ ನೋಡುವವರಿಗೆ ತಿಳಿಯಲಿ. ತೊರವೆಯ ಭಾಮಿನಿಗೆ ಕುಮಾರವಾಲ್ಮೀಕಿಯ ಹೆಸರು. ಶೂರ್ಪನಖಿಯ ಪದ್ಯಕ್ಕೆ ಆ ಗುರುಗಳ ಹೆಸರು, ಪೆರ್ಲದವರು ಹೇಳಿದ್ದು ಅನ್ನುವ ಮಾತಿನ ಜೊತೆಗೆ. ಜಿಂಕೆಯ ಪದ್ಯದ ಮುಂದೆ ‘ಕಟ್ಟಿದವರು ತಿಳಿದಿಲ್ಲ’ ಅಂತ ಹಾಕಿದ್ದೇನೆ.

ಪೆನ್ ಡ್ರೈವಿನಲ್ಲಿ ಹಾಕಿ ದೊಡ್ಡಮ್ಮನಿಗೆ ಕೇಳಿಸಿದ್ದು ದೀಪಾವಳಿಯ ಮರುದಿನ. ‘ನೋಡಿ ನಿರ್ಮಲ’ ಬಂದಾಗ ಜೊತೆಗೆ ಹಾಡಿದರು, ಟೇಪಿನವರು ಬಿಟ್ಟ ಚರಣವನ್ನೂ ಸೇರಿಸಿ. ಜಿಂಕೆಯ ಪದ್ಯ ಬಂದಾಗ ಸುಲಿಯುವ ಕೈ ನಿಂತಿತು. “ಇದನ್ನು ನನ್ನ ಅಪ್ಪ ಹೇಳುತ್ತಾ ಇದ್ದರು. ಇನ್ನೊಂದು ಚರಣ ಉಂಟು ಇದಕ್ಕೆ.” ಫೋನಿನಲ್ಲಿ ರೆಕಾರ್ಡ್ ಒತ್ತಿ ಅವರ ಹತ್ತಿರ ಹಿಡಿದೆ.